ಗುಡಿಯ ಗೋಡೆ ಯಾರ ಮಾತು ಹೇಳುತ್ತದೆ?

ಕಾರಟಗಿ ಸೀಮೆಯ ಕೆಲವು ಹಮಾಲಿ ಬಂಧುಗಳು ಈಚೆಗೆ ನಮ್ಮ ಕಚೇರಿಗೆ ಬಂದಿದ್ದರು. ಅವರು ದುಡಿಯುವುದು ಒಂದು ಅಕ್ಕಿ ಗಿರಣಿಯಲ್ಲಿ. ವಾರದ ಬಟವಡೆಯಲ್ಲಿ ಒಬ್ಬೊಬ್ಬರ ಪಗಾರದಿಂದಲೂ ೨೦೦ ರೂಪಾಯಿ ಮುರಿದುಕೊಂಡಿದ್ದಾರೆ. ಯಾಕೆಂದು ಕೇಳಿದರೆ, ಊರ ಗುಡಿಗೆ ಹೊಸ ಮಹಾದ್ವಾರ ಏಳುತ್ತಿದೆ, ಅದರ ಪಟ್ಟಿ ಎಂದು ಗುಮಾಸ್ತನ ಉತ್ತರ. "ದೇವರ ಕೆಲಸಕ್ಕ ಇಲ್ಲ ಅಂತೀರೇನು?" ಎಂಬ ಒಂದೇ ಮಾತಿಗೆ ಎಲ್ಲರ ಬಾಯಿ ಕಟ್ಟಿತು. ಅದೇ ಬೀದಿಯ ಕಿರಾಣಿ ಅಂಗಡಿಯವರಿಂದ, ಚಹಾದಂಗಡಿಯವರಿಂದ, ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳಿಂದ ಕೂಡ ಪಟ್ಟಿ ಎತ್ತಿದ್ದಾರೆ. ಊರಿನ ಹೆಸರು, ಗಿರಣಿಯ ಹೆಸರು ಇಲ್ಲಿ ಬೇಡ. ಇದು ಒಂದೇ ಊರಿನ ಕತೆಯಲ್ಲವೆಂಬುದು ವಾಚಕರಿಗೆ ಗೊತ್ತು.

ಮಹಾದ್ವಾರ ಎದ್ದು ನಿಂತಿತು. ಮೇಲೆ ಸಿಮೆಂಟಿನ ದೇವರುಗಳು, ಹೊಳೆಯುವ ಬಣ್ಣ. ಕೆಳಗೆ ಕರಿಕಲ್ಲಿನ ಹಲಗೆ. ಅದರ ಮೇಲೆ ದಾನಿಗಳ ಹೆಸರು: ಮೊದಲು ರಾಜಕೀಯ ಧುರೀಣರು, ಆಮೇಲೆ ಗಿರಣಿ ಮಾಲೀಕರು, ಆಮೇಲೆ ದೊಡ್ಡ ದಲಾಲಿ ಅಂಗಡಿಯವರು. ಹಮಾಲರ ಹೆಸರಿಲ್ಲ. "ಹಮಾಲಿ ಸಂಘ" ಎಂಬ ಎರಡು ಶಬ್ದವೂ ಇಲ್ಲ. ಬಂದವರಲ್ಲಿ ಹಿರಿಯರೊಬ್ಬರು ಹೇಳಿದರು: "ರೊಕ್ಕದ ಬ್ಯಾಸರಿಲ್ಲರಿ ಮಾಸ್ತರ. ದೇವರಿಗೆ ಕೊಟ್ಟೀವಿ, ಕೊಡತೀವಿ. ಆದರ ಕೇಳಿ ತಗೋಬೇಕಿತ್ತು. ಈಗ ಆ ಅಗಸಿ ಒಳಗ ಹೋಗೂವಾಗ ಸಾವಕಾರರ ಮನಿ ಒಳಗ ಹೊಕ್ಕಂಗ ಆಗತೈತಿ."

ಈ ಮಾತನ್ನು ನಾವು ಹಗುರಾಗಿ ತೆಗೆದುಕೊಳ್ಳಲಾರೆವು. ಗುಡಿಯ ಚಿತ್ರ, ಗೋಪುರ, ಶಿಲ್ಪಗಳು ದೇವರ ಮಾತನ್ನಷ್ಟೇ ಹೇಳುತ್ತವೆಯೋ, ಇಲ್ಲವೆ ಅವನ್ನು ಕಟ್ಟಿಸಿದವನ ಮಾತನ್ನೂ ದೇವರ ಬಾಯಿಂದ ಹೇಳಿಸುತ್ತವೆಯೋ ಎಂಬುದು ಆ ಹಿರಿಯರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಕಲ್ಲುಗಳೇ ಸಾಕು.

ಕುಕನೂರಿನ ಹತ್ತಿರದ ಇಟಗಿಗೆ ಹೋಗಿ ನೋಡಿರಿ. ಅಲ್ಲಿಯ ಮಹಾದೇವ ದೇವಾಲಯವು ೧೧೧೨ರಲ್ಲಿ ಆಯಿತು. ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ, ಮಹಾದೇವನೆಂಬವನು. ಬಳಪದ ಕಲ್ಲಿನಲ್ಲಿ ಬಂಗಾರದ ಕುಸುರಿಯಂತೆ ಕೊರೆದ ಆ ಕಂಬಗಳನ್ನು, ಆ ಬಾಗಿಲವಾಡಗಳನ್ನು ಕಂಡು ತಲೆದೂಗದವರಿಲ್ಲ. ಅಲ್ಲಿಯ ಶಾಸನವು ಅದನ್ನು "ದೇವಾಲಯ ಚಕ್ರವರ್ತಿ" ಎಂದು ಕರೆಯುತ್ತದೆ. ಗುಡಿಗೆ ಕೊಟ್ಟ ಬಿರುದನ್ನು ಗಮನಿಸಿರಿ. ಅದು ಭಕ್ತಿಯ ಶಬ್ದವಲ್ಲ, ರಾಜ್ಯದ ಶಬ್ದ. ಚಕ್ರವರ್ತಿಯ ದಂಡನಾಯಕನು ಕಟ್ಟಿಸಿದ ಗುಡಿ ಗುಡಿಗಳಿಗೆಲ್ಲ ಚಕ್ರವರ್ತಿ! ದೇವರಿಗೂ ತನಗೂ ಒಂದೇ ಹೆಸರು. ತಂದೆ ತಾಯಿಯರ ಹೆಸರಿನಲ್ಲಿ ಅದೇ ಆವರಣದಲ್ಲಿ ಮೂರ್ತಿನಾರಾಯಣ, ಚಂದ್ರಲೇಶ್ವರಿ ಎಂಬ ಗುಡಿಗಳು. ಒಂಬೈನೂರು ವರ್ಷ ಕಳೆದರೂ ಆ ಮನೆತನದ ಹೆಸರು ಉಳಿದಿದೆ. ಕಲ್ಲು ಹೊತ್ತವರ ಮನೆತನ ಯಾವುದು? ಅದನ್ನು ಹೇಳುವ ಹಲಗೆ ಇಟಗಿಯಲ್ಲಿ ಕೂಡ ಇಲ್ಲ.

ದಂಡನಾಯಕನಿಂದ ದೊರೆಯ ಕಡೆಗೆ ಬರೋಣ. "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂದು ನಮ್ಮ ಕಡೆ ಗಾದೆಯುಂಟು. ಕಾಲು, ಕಣ್ಣುಗಳ ಜೊತೆಗೆ ಒಂದಿಷ್ಟು ಲೆಕ್ಕದ ಬುದ್ಧಿಯನ್ನೂ ಒಯ್ಯಬೇಕೆಂಬುದು ನಮ್ಮ ಸೂಚನೆ. ಈ ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾವು ಶಾಲಾಮಾಸ್ತರಿಕೆ ಮಾಡುತ್ತಿದ್ದಾಗ ಏಳನೆಯ ಇಯತ್ತೆಯ ಹುಡುಗರನ್ನು ಹಂಪಿಗೆ ಕರೆದೊಯ್ದಿದ್ದೆವು. ಹಜಾರರಾಮ ಗುಡಿಯ ಗೋಡೆಯ ಮುಂದೆ ಗೈಡು ಆನೆಗಳನ್ನು, ಕುದುರೆಗಳನ್ನು ಎಣಿಸಿ ತೋರಿಸುತ್ತಿದ್ದ. ಹಮಾಲರ ಹುಡುಗನೊಬ್ಬ ಕೇಳಿದ: "ಸರ್, ಈ ಕಲ್ಲು ಹೊತ್ತೋರಿಗೆ ಎಷ್ಟ ಪಗಾರ ಕೊಟ್ಟಿದ್ರು?" ಗೈಡು ನಕ್ಕುಬಿಟ್ಟ. ನಮಗೂ ಅಂದು ಉತ್ತರ ಬರಲಿಲ್ಲ. ಆದರೆ ಆ ಪ್ರಶ್ನೆಯ ನಂತರ ನಾವು ಆ ಗೋಡೆಯನ್ನು ಬೇರೆ ಕಣ್ಣಿನಿಂದ ನೋಡಲು ಕಲಿತೆವು.

ಹಜಾರರಾಮ ಗುಡಿಯು ಹದಿನೈದನೆಯ ಶತಮಾನದ ಮೊದಲ ಭಾಗದ್ದು, ಒಂದನೆಯ ದೇವರಾಯನ ಕಾಲದ್ದು. ಇದು ಅರಮನೆಯ ಪ್ರದೇಶದ ನಡುವೆ ನಿಂತಿದೆ. ಇದರ ಒಳಗೋಡೆಗಳ ಮೇಲೆ ರಾಮಾಯಣದ ಕತೆ ಸಾಲುಸಾಲಾಗಿ ಬಿಡಿಸಿದೆ. ಆದರೆ ಆವರಣದ ಹೊರಗೋಡೆಯ ಮೇಲೆ ಏನಿದೆ? ಆನೆಗಳ ಸಾಲು, ಕುದುರೆಗಳ ಸಾಲು, ಕಾಲಾಳುಗಳ ಸಾಲು, ಕುಣಿಯುವ ಹೆಂಗಸರ ಸಾಲು. ನಡುನಡುವೆ ಮಂಟಪದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿರುವ ದೊರೆ. ಅಂದರೆ ಒಳಗೆ ಹೋಗುವ ಯೋಗ್ಯತೆಯುಳ್ಳವನಿಗೆ ರಾಮನ ಕತೆ. ಹೊರಗೆ ನಿಂತವನಿಗೆ ದೊರೆಯ ದಂಡು. ಅಕ್ಷರ ಬಾರದವನಿಗೂ ಈ ಪಾಠ ತಿಳಿಯದೆ ಇರುವುದಿಲ್ಲ. ರಾಮನನ್ನು ನೋಡಬೇಕೆಂದರೆ ದೊರೆಯ ಆನೆ ಕುದುರೆಗಳನ್ನು ದಾಟಿ ಹೋಗಬೇಕು.

ಇಷ್ಟೇ ಅಲ್ಲ. ಆ ಗುಡಿಯ ಉತ್ತರಕ್ಕೆ ಮತಂಗ ಪರ್ವತ, ಈಶಾನ್ಯಕ್ಕೆ ಮಾಲ್ಯವಂತ. ಹೊಳೆಯಾಚೆ ನಮ್ಮ ಆನೆಗೊಂದಿ, ಕಿಷ್ಕಿಂಧೆಯೆಂದು ಜನ ನಂಬಿಕೊಂಡು ಬಂದ ನೆಲ. ರಾಮ ಸುಗ್ರೀವರು ನಡೆದಾಡಿದರೆಂಬ ಗುಡ್ಡಗಳ ನಡುವೆ ತನ್ನ ಅರಮನೆಯನ್ನು, ಅರಮನೆಯ ನಡುವೆ ರಾಮನ ಗುಡಿಯನ್ನು ಇಟ್ಟ ದೊರೆಯು ಪ್ರಜೆಗಳಿಗೆ ಹೇಳಿದ್ದೇನು? ರಾಮನೂ ನಾನೂ ಒಂದೇ ಊರಿನವರು ಎಂದು. ಇನ್ನು ಅವನ ಅಪ್ಪಣೆಯನ್ನು ಮೀರುವವರಾರು? ವಿಜಯನಗರದ ದೊರೆಗಳ ರುಜುವನ್ನೇ ನೋಡಿರಿ. ಅವರ ತಾಮ್ರಶಾಸನಗಳ ಕೊನೆಗೆ ದೊರೆಯ ಹೆಸರಿಲ್ಲ. "ಶ್ರೀ ವಿರೂಪಾಕ್ಷ" ಎಂದು ಕನ್ನಡ ಅಕ್ಷರಗಳಲ್ಲಿ ಇರುತ್ತದೆ. ಅಪ್ಪಣೆ ದೊರೆಯದು, ರುಜು ದೇವರದು. ತೆರಿಗೆ ಹೆಚ್ಚಾಯಿತೆಂದು ದೊರೆಯ ಮುಂದೆ ಗೋಳಾಡಬಹುದು. ವಿರೂಪಾಕ್ಷನ ರುಜುವಿನ ಮುಂದೆ ಯಾರು ಗೋಳಾಡಿಯಾರು?

ಆ ತೆರಿಗೆಯ ಸಂಗತಿಯನ್ನೂ ಹೇಳಬೇಕು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಪ್ರವಾಸಿ ಪಾಯಸ್, ಅವನ ನಂತರ ಅಚ್ಯುತರಾಯನ ಕಾಲದಲ್ಲಿ ಬಂದ ಕುದುರೆ ವ್ಯಾಪಾರಿ ನೂನಿಜ್, ಇಬ್ಬರೂ ಮಹಾನವಮಿ ಹಬ್ಬವನ್ನು ಕಂಡು ಬರೆದಿಟ್ಟಿದ್ದಾರೆ. ಆ ಬರಹಗಳನ್ನು ರಾಬರ್ಟ್ ಸೀವೆಲ್ಲನು ೧೯೦೦ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದನು. ಮಹಾನವಮಿ ದಿಬ್ಬವನ್ನು ಇಂದಿಗೂ ನೋಡಬಹುದು: ಸುತ್ತಲೂ ಬೇಟೆ, ಕುಸ್ತಿ, ಮೆರವಣಿಗೆ, ಕುದುರೆ ತಂದ ಪರದೇಶಿಗಳು, ಎಲ್ಲವೂ ಕಲ್ಲಿನಲ್ಲಿ. ಒಂಬತ್ತು ದಿನ ಅಲ್ಲಿ ದೇವತೆಯ ಪೂಜೆ, ನಾಯಕರ ಸಲಾಮು, ಸೈನ್ಯದ ಪ್ರದರ್ಶನ. ನೂನಿಜನು ಇನ್ನೊಂದು ಮಾತು ಬರೆದಿದ್ದಾನೆ. ಆ ಒಂಬತ್ತು ದಿನಗಳಲ್ಲಿಯೇ ನಾಯಕರು ದೊರೆಗೆ ವರ್ಷದ ಕಂದಾಯ ತಂದು ಸುರಿಯುತ್ತಿದ್ದರಂತೆ. ನೆಲವೆಲ್ಲ ದೊರೆಯದು; ನಾಯಕರು ಅವನಿಂದ ಪಡೆದವರು; ಉಳುವವನು ತನ್ನ ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಕೊಡಬೇಕಿತ್ತು ಎಂದು ಅವನ ಲೆಕ್ಕ. ಈ ಲೆಕ್ಕ ಕೊಂಚ ಹೆಚ್ಚೇ ಇರಬೇಕೆಂದು ಇತಿಹಾಸ ಬಲ್ಲವರು ಶಂಕಿಸುತ್ತಾರೆ. ಇರಲಿ. ಒಂಬತ್ತು ಅಲ್ಲದಿದ್ದರೆ ಐದೆನ್ನಿ. ದೇವತೆಯ ಹಬ್ಬದ ದಿನವೇ ಕಂದಾಯದ ದಿನವಾಗಿತ್ತೆಂಬುದು ಮುಖ್ಯ ಮಾತು. ನಮ್ಮ ಗಿರಣಿಯ ಬಟವಡೆಯಲ್ಲಿ ಮುರಿದುಕೊಂಡ ಪಟ್ಟಿಯ ಅಜ್ಜ ಅಲ್ಲಿದ್ದಾನೆ.

ಗೆದ್ದ ದೊರೆಯು ದೇವರನ್ನು ಕೂಡ ಗೆದ್ದು ತರುತ್ತಿದ್ದನು. ಒಡ್ಡಿಯ ಗಜಪತಿಯ ವಶದಲ್ಲಿದ್ದ ಉದಯಗಿರಿ ಕೋಟೆಯನ್ನು ಹಿಡಿದ ಕೃಷ್ಣದೇವರಾಯನು ಅಲ್ಲಿಂದ ಬಾಲಕೃಷ್ಣನ ಮೂರ್ತಿಯನ್ನು ಹಂಪಿಗೆ ತಂದು, ೧೫೧೫ರಲ್ಲಿ ಅದಕ್ಕಾಗಿಯೇ ದೊಡ್ಡ ಗುಡಿಯೊಂದನ್ನು ಕಟ್ಟಿಸಿದನು. ಗೋಪುರದ ಗಾರೆಗೊಂಬೆಗಳಲ್ಲಿ ಢಾಲು ಹಿಡಿದ ಸೈನಿಕರು, ಆನೆ ಕುದುರೆಗಳು. ಬೆಣ್ಣೆ ಕದಿಯುವ ಕೂಸಿನ ಗುಡಿಗೆ ಯುದ್ಧದ ಬಾಗಿಲು! ಒಳಗೆ ಹೋಗುವವನು ಕೃಷ್ಣನಿಗೆ ಕೈಮುಗಿಯುವ ಮೊದಲು ದೊರೆಯ ದಿಗ್ವಿಜಯಕ್ಕೆ ತಲೆಯೆತ್ತಿ ನೋಡಲೇಬೇಕು. ತಿರುಮಲೆಯಲ್ಲಿ ಇದೇ ದೊರೆಯು ತನ್ನ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಲೋಹದ ಪ್ರತಿಮೆಗಳಿವೆ. ಅಲ್ಲಿ ಅವನು ಭಕ್ತ. ಅದು ಸುಳ್ಳು ಭಕ್ತಿಯೆಂದು ನಾವು ಹೇಳುವುದಿಲ್ಲ. ಮನುಷ್ಯನ ಎದೆಯೊಳಗೆ ಹೊಕ್ಕು ನೋಡಿದವರಾರು? ಆದರೆ ದೇವರ ಮುಂದೆ ಕೈಮುಗಿದ ದೊರೆಯೂ ಗುಡಿಯಲ್ಲಿ ಲೋಹವಾಗಿ ನಿಂತ, ಕೈಮುಗಿದ ರೈತ ಮನೆಗೆ ಬಂದು ಕಂದಾಯ ಕಟ್ಟಿದ. ದೊಡ್ಡ ದೊರೆಯನ್ನು ನೋಡಿ ಚಿಕ್ಕ ದೊರೆಗಳೂ ಕಲಿತರು. ನಮ್ಮ ಪಕ್ಕದ ಕನಕಗಿರಿಯಲ್ಲಿ ಅಲ್ಲಿಯ ನಾಯಕರು ಕಟ್ಟಿಸಿದ ಕನಕಾಚಲಪತಿ ಗುಡಿಯಲ್ಲಿಯೂ ಕರಿಕಲ್ಲಿನ ರಾಜ ರಾಣಿಯರು ನಿಂತಿದ್ದಾರೆ.

ಇದು ಹಿಂದೂ ದೊರೆಗಳ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಲೋಕದಲ್ಲೆಲ್ಲ ಅಧಿಕಾರವು ಹೀಗೆಯೇ ದೇವರ ಗೋಡೆಯನ್ನು ಬಳಸಿಕೊಂಡಿದೆ. ಯುರೋಪಿನ ಕ್ರೈಸ್ತ ಇಗರ್ಜಿಗಳಿಗೆ ಚಿತ್ರ ಬೇಕೇ ಬೇಡವೇ ಎಂಬ ಜಗಳ ಬಂದಾಗ, ಸುಮಾರು ೬೦೦ರಲ್ಲಿ ಪೋಪ್ ಗ್ರೆಗೊರಿಯು ಹೇಳಿದ್ದು: ಓದು ಬಾರದವರು ಪುಸ್ತಕದಲ್ಲಿ ಕಾಣಲಾರದ್ದನ್ನು ಗೋಡೆಯ ಮೇಲೆ ಕಾಣಲಿ. ಮಾತೇನೋ ದಯೆಯದು. ಆದರೆ ಗೋಡೆಯ ಮೇಲೆ ಏನು ಬರೆಯಬೇಕೆಂಬುದನ್ನು ನಿರ್ಣಯಿಸುವವರು ಓದು ಬಲ್ಲವರೇ. ಇಟಲಿಯ ರವೆನ್ನಾ ಊರಿನಲ್ಲಿ ೫೪೭ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಇಗರ್ಜಿಯಿದೆ. ಅಲ್ಲಿ ಬಣ್ಣದ ಹರಳುಗಳಲ್ಲಿ ಚಕ್ರವರ್ತಿ ಜಸ್ಟಿನಿಯನ್ನನನ್ನು ಚಿತ್ರಿಸಿದ್ದಾರೆ. ಒಂದು ಕಡೆ ಪಾದ್ರಿಗಳು, ಇನ್ನೊಂದು ಕಡೆ ಸೈನಿಕರು, ನಡುವೆ ಅವನು, ತಲೆಯ ಸುತ್ತ ಸಂತರಿಗಿರುವಂಥ ಪ್ರಭಾವಳಿ. ಚಕ್ರವರ್ತಿಯಾಗಿ ಆ ಊರಿಗೆ ಅವನು ಬಂದವನೇ ಅಲ್ಲ. ಅವನ ಚಿತ್ರವೇ ಬಂದು ಆಳಿತು. ಅನೇಕ ಇಗರ್ಜಿಗಳಲ್ಲಿ ಕೊನೆಯ ದಿನದ ನ್ಯಾಯತೀರ್ಪಿನ ಚಿತ್ರ ಬರೆಸುತ್ತಿದ್ದರು: ಒಂದು ಕಡೆ ಸ್ವರ್ಗಕ್ಕೆ ಹೋಗುವವರು, ಇನ್ನೊಂದು ಕಡೆ ನರಕದ ಬಾಯಿಗೆ ಬೀಳುವವರು. ಆ ನರಕದ ಹೆದರಿಕೆಯಿಂದ ಹಣವೂ ಎದ್ದಿತು. ಹಂಪಿಯಲ್ಲಿ ಬಾಲಕೃಷ್ಣನ ಗುಡಿಯಾದ ಅದೇ ೧೫೧೫ರಲ್ಲಿ ರೋಮಿನ ಪೋಪ್ ಹತ್ತನೆಯ ಲಿಯೋ, ಸಂತ ಪೀಟರನ ಮಹಾಮಂದಿರ ಕಟ್ಟಿಸಲು ಪಾಪಕ್ಷಮೆಯ ಚೀಟಿಗಳನ್ನು ಮಾರಲು ಅಪ್ಪಣೆ ಕೊಟ್ಟನು. ಎರಡು ವರ್ಷದ ನಂತರ, ೧೫೧೭ರಲ್ಲಿ, ಜರ್ಮನಿಯ ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ ಅದನ್ನು ಪ್ರಶ್ನಿಸಿದ. ಯುರೋಪು ಎರಡಾಗಿ ಸೀಳಿತು. ಬಡವನ ಕಿಸೆಯಿಂದ ಭವ್ಯ ಗೋಪುರ ಏಳುವಾಗ ಒಬ್ಬನಾದರೂ ಎದ್ದು ಲೆಕ್ಕ ಕೇಳಿದರೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಆ ಪ್ರಶ್ನೆ ಇನ್ನೂ ಮೊದಲೇ ಹುಟ್ಟಿತ್ತು. ಇಟಗಿಯ ಗುಡಿಯಾಗಿ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಒಡನಾಡಿಗಳಾದ ಮಾದಾರರು, ಡೋಹರರು, ಮಡಿವಾಳರು, ಅಂಬಿಗರು, ನೇಕಾರರು ಎದ್ದು ನಿಂತರು. ಕಲ್ಲಿನ ಗುಡಿ ಕಟ್ಟಿಸಬಲ್ಲವನು ಸಿರಿವಂತನು ಮಾತ್ರ. ಬಡವನಿಗೆ ತನ್ನ ಮೈಯೇ ಗುಡಿ, ತನ್ನ ದುಡಿಮೆಯೇ ಪೂಜೆ ಎಂದು ಸಾರಿದರು. ದಂಡನಾಯಕನ ಗುಡಿಗೆ ಅವರು ಕೊಟ್ಟ ಉತ್ತರವಿದು. ಅಂಥವರ ಹೆಸರಿನಲ್ಲಿ ಇಂದು ಸಿಮೆಂಟಿನ ದ್ವಾರ ಕಟ್ಟಿ ದಾನಿಗಳ ಹಲಗೆ ಹಾಕುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ದೊರೆಗಳು ಹೋದರು. ಅವರ ಅಭ್ಯಾಸ ಹೋಯಿತೇ? ಮೈಸೂರಿನ ಅಂಬಾರಿಯಲ್ಲಿ ಹಿಂದೆ ಅರಸರು ಕೂಡುತ್ತಿದ್ದರು. ಈಗ ಚಾಮುಂಡೇಶ್ವರಿಯ ಮೂರ್ತಿಯನ್ನು ಕೂಡಿಸುತ್ತಾರೆ. ಆದರೆ ಹೂವು ಎರಚುವ ಗೌರವ ಮುಖ್ಯಮಂತ್ರಿಗಳದು. ನಮ್ಮ ಆನೆಗೊಂದಿಯ ಅಂಜನಾದ್ರಿಯ ಸಂಗತಿಯನ್ನೇ ತೆಗೆದುಕೊಳ್ಳಿರಿ. ಹನುಮಂತ ಹುಟ್ಟಿದ್ದು ತಿರುಮಲೆಯ ಬೆಟ್ಟದಲ್ಲೆಂದು ಅಲ್ಲಿಯ ದೇವಸ್ಥಾನದವರು ೨೦೨೧ರಲ್ಲಿ ಸಾರಿದರು. ಇಲ್ಲಿ ಎಂದು ನಮ್ಮವರು ವಾದ ಹೂಡಿದರು. ಮರುವರ್ಷದ ರಾಜ್ಯ ಬಜೆಟ್ಟಿನಲ್ಲಿ ಅಂಜನಾದ್ರಿಗೆ ೧೦೦ ಕೋಟಿ ರೂಪಾಯಿ ಘೋಷಣೆಯಾಯಿತು. ಯಾತ್ರಿಕರಿಗೆ ನೀರು, ನೆರಳು, ಶೌಚಾಲಯ ಬೇಕು. ಅದನ್ನು ನಾವು ವಿರೋಧಿಸುವುದಿಲ್ಲ. ಹನುಮಂತನು ನಮ್ಮ ಜನರ ದೇವರು. ಹಮಾಲನಿಗೆ ಚೀಲ ಎತ್ತುವಾಗ ಬಾಯಿಗೆ ಬರುವ ಹೆಸರು ಅದೇ. ಅದಕ್ಕೆಂದೇ ಕೇಳುತ್ತೇವೆ: ಹನುಮಂತನ ಹುಟ್ಟಿದೂರಿನ ಬಗ್ಗೆ ಇಷ್ಟು ಆಸ್ಥೆಯುಳ್ಳ ಜಿಲ್ಲೆಯಲ್ಲಿ, ಅದೇ ೨೦೨೧ರಲ್ಲಿ, ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸೊಂದು ಮಳೆ ಬಂದಾಗ ಹನುಮಂತನ ಗುಡಿಯೊಳಗೆ ಓಡಿತೆಂದು ಅದರ ಮನೆಯವರಿಗೆ ದಂಡ ಹಾಕಿದರಲ್ಲ, ಆ ಕೂಸಿಗೆ ಯಾವ ಬಜೆಟ್ಟಿನಲ್ಲಿ ಏನು ಬರೆದಿದೆ? ಸಂವಿಧಾನದ ೧೭ನೆಯ ಕಲಮು ಅಸ್ಪೃಶ್ಯತೆಯನ್ನು ೧೯೫೦ರಲ್ಲಿಯೇ ರದ್ದು ಮಾಡಿದೆ. ಗುಡಿಯ ಹೊಸ್ತಿಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲವೇ?

ಹಾಗಾದರೆ ನಾವು ಗುಡಿಗಳ ವೈರಿಗಳೇ? ಎಂದಿಗೂ ಅಲ್ಲ. ೧೫೬೫ರ ಯುದ್ಧದ ನಂತರ ಹಂಪಿಯನ್ನು ಒಡೆದವರ ಕೆಲಸವನ್ನು ಯಾವ ಬುದ್ಧಿವಂತನೂ ಮೆಚ್ಚಲಾರ. ಆ ಕಲ್ಲುಗಳಲ್ಲಿ ದೊರೆಯ ಹೆಸರಿದ್ದರೂ ಕೈ ನಮ್ಮದು. ಕೆರೆಯೊಂದರ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನು ಪಾಯಸ್ ಕಣ್ಣಾರೆ ಕಂಡಿದ್ದಾನೆ. ಅಂಥ ಇರುವೆಗಳೇ ಹಂಪಿಯನ್ನೂ ಎಬ್ಬಿಸಿದವು. ವಿರೂಪಾಕ್ಷ ಗುಡಿಯ ರಂಗಮಂಟಪದ ಮಾಡಿನಲ್ಲಿ ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಹೋಗುತ್ತಿರುವ ಬಣ್ಣದ ಚಿತ್ರವಿದೆ. ಮಂಟಪವು ೧೫೧೦ರಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ ಆದದ್ದು. ಬಣ್ಣ ಯಾವ ಕಾಲದ್ದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಮುಂದಿನ ಸಲ ಹೋದಾಗ ಪಲ್ಲಕ್ಕಿಯೊಳಗೆ ಕುಳಿತವರನ್ನು ನೋಡಿ ಕೈಮುಗಿಯಿರಿ. ಆಮೇಲೆ ಪಲ್ಲಕ್ಕಿ ಹೊತ್ತವರ ಹೆಗಲನ್ನೂ ಒಮ್ಮೆ ನೋಡಿರಿ. ಅವರು ನಿಮ್ಮ ಬಳಗದವರು.

ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ದೊರೆಯ ಸ್ವಂತದ ಹಜಾರರಾಮ ಗುಡಿಯಲ್ಲಿ ಇಂದು ಪೂಜೆಯಿಲ್ಲ. ಗೆದ್ದು ತಂದ ಬಾಲಕೃಷ್ಣನ ಗುಡಿಯೂ ಬರಿದಾಗಿದೆ. ಆ ಮೂರ್ತಿ ಚೆನ್ನೈಯ ಮ್ಯೂಜಿಯಮ್ಮಿನಲ್ಲಿದೆ. ಆದರೆ ವಿಜಯನಗರ ಹುಟ್ಟುವ ಮೊದಲೇ ಜನ ನಡೆದುಕೊಳ್ಳುತ್ತಿದ್ದ ಪಂಪೆಯ, ವಿರೂಪಾಕ್ಷನ ಗುಡಿಯಲ್ಲಿ ದೀಪ ಇನ್ನೂ ಉರಿಯುತ್ತಿದೆ, ತೇರು ಇನ್ನೂ ಎಳೆಯುತ್ತಾರೆ. ಸಿಂಹಾಸನವನ್ನು ನಂಬಿದ ಗುಡಿ ಸಿಂಹಾಸನದೊಂದಿಗೆ ಹೋಯಿತು, ಜನ ತಮ್ಮದೆಂದು ಹಿಡಿದದ್ದು ಉಳಿಯಿತು ಎಂದು ನಾವು ತಿಳಿಯುತ್ತೇವೆ. ಇಂದು ದ್ವಾರ ಕಟ್ಟಿಸುವ ಧುರೀಣರು ಇದನ್ನು ನೆನಪಿನಲ್ಲಿಟ್ಟರೆ ಅವರಿಗೇ ಒಳಿತು.

ಕಾರ್ಮಿಕ ಬಂಧುಗಳೆ, ಸಣ್ಣ ವ್ಯಾಪಾರಿ ಮಿತ್ರರೆ, ಈಗ ನಮ್ಮ ಕೆಲಸದ ಮಾತು. ಬಟವಡೆಯಲ್ಲಿ ಕೇಳದೆ ಪಟ್ಟಿ ಮುರಿಯುವುದು ಕಾನೂನಿಗೆ ವಿರುದ್ಧ. ಕಾಯಿದೆ ಹೇಳಿದ ಕಡಿತಗಳ ಹೊರತು ಬೇರೆ ಕಡಿತಕ್ಕೆ ಮಾಲೀಕನಿಗೆ ಹಕ್ಕಿಲ್ಲವೆಂಬ ನಿಯಮ ೧೯೩೬ರ ವೇತನ ಪಾವತಿ ಕಾಯಿದೆಯಿಂದಲೇ ಬಂದಿದೆ. ಆದ್ದರಿಂದ ಮೊದಲನೆಯದಾಗಿ, ದೇವರಿಗೆ ಕೊಡುವುದನ್ನು ನಮ್ಮ ಕೈಯಿಂದ ನಾವೇ ಕೊಡುತ್ತೇವೆ, ಪಗಾರವನ್ನು ಪೂರಾ ಎಣಿಸಿಕೊಡಿರೆಂದು ಒಂದಾಗಿ ಹೇಳಿರಿ. ಒಬ್ಬನು ಹೇಳಿದರೆ ನಾಳೆ ಅವನಿಗೆ ಚೀಲ ಸಿಗಲಿಕ್ಕಿಲ್ಲ. ನೂರು ಜನ ಹೇಳಿದರೆ ಗಿರಣಿಯ ಬಾಗಿಲೇ ತೆರೆಯದು. ಎರಡನೆಯದಾಗಿ, ಗುಡಿಗೆ ಎತ್ತಿದ ಹಣದ ಜಮೆ ಖರ್ಚನ್ನು ಗುಡಿಯ ಗೋಡೆಗೇ ಅಂಟಿಸಲು ಕೇಳಿರಿ. ಮೂರನೆಯದಾಗಿ, ಹಲಗೆಯ ಮೇಲೆ ಹೆಸರು ಹಾಕುವುದಾದರೆ ಕೊಟ್ಟವರೆಲ್ಲರ ಹೆಸರು ಹಾಕಬೇಕು, ಕಲ್ಲು ಹೊತ್ತವರ, ಗಾರೆ ಕಲಸಿದವರ ಹೆಸರೂ ಸೇರಬೇಕು. ಇಲ್ಲವಾದರೆ ಯಾರ ಹೆಸರೂ ಬೇಡ, ದೇವರ ಹೆಸರೊಂದೇ ಸಾಕು. ನಾಲ್ಕನೆಯದಾಗಿ, ಊರಿನ ಒಂದು ಕೂಸನ್ನು ಹೊರಗಿಡುವ ಗುಡಿಗೆ ನಾವು ಒಂದು ಬಿಡಿಗಾಸೂ ಕೊಡುವುದಿಲ್ಲವೆಂದು ಸಭೆ ಸೇರಿ ನಿರ್ಣಯ ಮಾಡಿರಿ.

ಹಜಾರರಾಮ ಗುಡಿಯ ಮುಂದೆ ಪ್ರಶ್ನೆ ಕೇಳಿದ ಆ ಹುಡುಗ ಈಗ ದೊಡ್ಡವನಾಗಿರಬೇಕು. ಯಾವ ಊರಿನಲ್ಲಿದ್ದಾನೋ, ಯಾವ ಗಿರಣಿಯಲ್ಲಿ ಚೀಲ ಹೊರುತ್ತಿದ್ದಾನೋ ನಮಗೆ ಗೊತ್ತಿಲ್ಲ. ಅಂದು ನಮಗೆ ಕೊಡಲಾಗದ ಉತ್ತರವನ್ನು ಇಂದು ಕೊಡಬಲ್ಲೆವು: ಅಪ್ಪಾ, ಎಷ್ಟು ಕೊಟ್ಟರೆಂಬುದನ್ನು ಅವರು ಗೋಡೆಯ ಮೇಲೆ ಬರೆಸಲಿಲ್ಲ. ಇನ್ನು ಮುಂದೆ ಏಳುವ ಗೋಡೆಯ ಮೇಲಾದರೂ ಅದನ್ನು ನಾವೇ ಬರೆಸಬೇಕು.